4ಕೆ ಡಿಸ್ಕ್ ಮನೆಗೆ ತರಬೇಕೆ? ಡಿವಿಡಿ, ಬ್ಲೂ-ರೇ, ಓಟಿಟಿ ಪಕ್ಕದಲ್ಲಿಟ್ಟು ಒಂದು ಲೆಕ್ಕ

ನಡುಮನೆಯಲ್ಲಿ 55 ಇಂಚಿನ 4ಕೆ ಟಿವಿ ಇದೆ. ಶೋಕೇಸಿನಲ್ಲಿ ಹಳೆಯ ಡಿವಿಡಿಗಳ ಸಾಲಿದೆ. ಎರಡು ಮೂರು ಓಟಿಟಿಗೆ ತಿಂಗಳು ತಿಂಗಳು ದುಡ್ಡು ಹೋಗುತ್ತಿದೆ. ಇಂಥ ಮನೆಯವರು ಈಗ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಪ್ಲೇಯರ್ ಕೊಳ್ಳಬೇಕೆ? ಹೆಚ್ಚಿನವರಿಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಕೆಲವರಿಗೆ ಮಾತ್ರ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲದ ವಸ್ತು. ನೀವು ಯಾವ ಕಡೆಯವರು ಎಂಬುದು ನಾಲ್ಕು ವಿಷಯ ನೋಡಿದರೆ ತಿಳಿಯುತ್ತದೆ: ಕೂರುವ ಜಾಗದಿಂದ ಟಿವಿಗೆ ಎಷ್ಟು ಅಡಿ, ಟಿವಿ ಎಷ್ಟು ಬೆಳಕು ಕೊಡುತ್ತದೆ, ಶಬ್ದ ಎಲ್ಲಿಂದ ಬರುತ್ತದೆ, ನೀವು ಮತ್ತೆ ಮತ್ತೆ ನೋಡುವ ಚಿತ್ರಗಳು ಡಿಸ್ಕಿನಲ್ಲಿ ಸಿಗುತ್ತವೆಯೇ.

ಜನ ಬದಲಾದದ್ದು ಯಾವಾಗ, ಬದಲಾಗದೆ ಉಳಿದದ್ದು ಯಾವಾಗ

ಚಿತ್ರ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಸಾಮಾನ್ಯ ಮನೆಗಳು ಹೊಸ ಫಾರ್ಮ್ಯಾಟ್‌ಗೆ ಹೋದ ಉದಾಹರಣೆ ಸಿಗುವುದಿಲ್ಲ. 1987ರಲ್ಲಿ ಬಂದ ಎಸ್-ವಿಎಚ್‌ಎಸ್, ಸಾಮಾನ್ಯ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ಟಿಗಿಂತ ಎದ್ದು ಕಾಣುವಷ್ಟು ಸ್ಪಷ್ಟವಾಗಿತ್ತು. 1998ರ ಡಿ-ವಿಎಚ್‌ಎಸ್‌ನಲ್ಲಿ ಎಚ್‌ಡಿ ಚಿತ್ರವನ್ನೇ ತುಂಬಬಹುದಿತ್ತು. ಎರಡೂ ಮನೆಮನೆಗೆ ಬರಲಿಲ್ಲ. ಅದೇ ಕ್ಯಾಸೆಟ್, ಅದೇ ಸುತ್ತುವ ಕೆಲಸ, ಬೆಲೆ ಮಾತ್ರ ಹೆಚ್ಚು.

1996ರ ನವೆಂಬರ್‌ನಲ್ಲಿ ಜಪಾನಿನಲ್ಲೂ 1997ರಲ್ಲಿ ಅಮೆರಿಕದಲ್ಲೂ ಬಂದ ಡಿವಿಡಿ ಗೆದ್ದದ್ದು ಬಳಕೆಯ ಸುಖದಿಂದ. ಹಿಂದಕ್ಕೆ ಸುತ್ತಬೇಕಿಲ್ಲ, ಬೇಕಾದ ಹಾಡಿಗೆ ನೇರ ಹೋಗಬಹುದು, ಭಾಷೆ ಮತ್ತು ಸಬ್‌ಟೈಟಲ್ ಬದಲಿಸಬಹುದು, ಟೇಪ್ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಭಾರತದಲ್ಲಿ ನಡುವೆ ವಿಸಿಡಿ ಬಂದು ಕೂತಿತು. 352×288 ಚುಕ್ಕಿಗಳ ಚಿತ್ರ, ಒಂದು ಡಿಸ್ಕಿಗೆ 74 ನಿಮಿಷ, ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕ್. ವಿಎಚ್‌ಎಸ್‌ಗಿಂತ ಮೇಲೆನ್ನುವಂಥ ಚಿತ್ರವೇನೂ ಅದರದ್ದಲ್ಲ. ಆದರೂ ಅಗ್ಗವಾದ್ದರಿಂದ ಓಡಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟಿತು. ಆರೇ ರೂಪಾಯಿ ಹೆಚ್ಚು ಕೊಟ್ಟರೆ ನಡುವೆ ಎದ್ದು ಡಿಸ್ಕ್ ಬದಲಿಸುವ ಗೋಜಿಲ್ಲ. ವಿಸಿಡಿಯಿಂದ ಡಿವಿಡಿಗೆ ಬಂದ ಮನೆಗಳ ಲೆಕ್ಕಾಚಾರ ಇಷ್ಟು ಸರಳವಾಗಿತ್ತು.

2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎದುರುಬದುರಾಗಿ ನಿಂತವು. ಯಾವುದು ಉಳಿಯುತ್ತದೋ ಎಂದು ಜನ ಕೈಕಟ್ಟಿ ಕಾದರು. 2008ರ ಫೆಬ್ರುವರಿ 19ರಂದು ತೊಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ನೆಟ್‌ಫ್ಲಿಕ್ಸ್ ಅಮೆರಿಕದಲ್ಲಿ ಸ್ಟ್ರೀಮಿಂಗ್ ಶುರುಮಾಡಿ ಒಂದು ವರ್ಷವಾಗಿತ್ತು. ಬ್ಲೂ-ರೇ ಗೆದ್ದರೂ ಡಿವಿಡಿಯನ್ನು ಕದಲಿಸಲಿಲ್ಲ. ಅದು ಬಂದು ಹತ್ತು ವರ್ಷ ಕಳೆದ ಮೇಲೂ ಅಮೆರಿಕದಲ್ಲಿ ಹೆಚ್ಚು ಡಿಸ್ಕ್ ಮಾರಾಟವಾಗುತ್ತಿದ್ದದ್ದು ಡಿವಿಡಿಯದೇ. ಡಿವಿಡಿಯಂಥದೇ ತಟ್ಟೆ, ಅದೇ ಟ್ರೇ, ಅದೇ ಮೆನು. ಕೈಗೆ ಹೊಸದೇನೂ ಸಿಗಲಿಲ್ಲ. 2010ರ 3ಡಿ ಬ್ಲೂ-ರೇ ಪ್ರತಿಯೊಬ್ಬರಿಗೂ ಕನ್ನಡಕ ಕೇಳಿತು. 2017ಕ್ಕೆ ಎಲ್‌ಜಿ, ಸೋನಿ ಎರಡೂ 3ಡಿ ಟಿವಿ ನಿಲ್ಲಿಸಿದವು.

4ಕೆ ಡಿಸ್ಕ್ ಅಂಗಡಿಗೆ ಬಂದದ್ದು 2016ರ ಆರಂಭದಲ್ಲಿ. 2018ರಲ್ಲಿ ಒಪ್ಪೊ ಡಿಜಿಟಲ್ ಪ್ಲೇಯರ್ ತಯಾರಿಕೆಯಿಂದ ಹಿಂದೆ ಸರಿಯಿತು, 2019ರಲ್ಲಿ ಸ್ಯಾಮ್‌ಸಂಗ್, 2024ರಲ್ಲಿ ಎಲ್‌ಜಿ. ಅಮೆರಿಕದ ಬೆಸ್ಟ್ ಬೈ ಮಳಿಗೆಗಳು 2024ರಲ್ಲಿ ಡಿಸ್ಕ್ ಮಾರುವುದನ್ನೇ ಬಿಟ್ಟವು. ಇತ್ತ 2021ರಲ್ಲಿ ಆಯ್ದ ಚಿತ್ರಗಳ ಡಿಸ್ಕ್ ತರುವ ಕ್ರೈಟೀರಿಯನ್‌ನಂಥ ಸಂಸ್ಥೆ 4ಕೆ ಡಿಸ್ಕ್ ಹೊರತರಲು ತೊಡಗಿತು. ಅಂದರೆ ಈ ಫಾರ್ಮ್ಯಾಟ್ ಸಾಯುತ್ತಿಲ್ಲ, ಮನೆಮನೆಯ ವಸ್ತುವೂ ಆಗುವುದಿಲ್ಲ. ಸಿನಿಮಾವನ್ನು ಪುಸ್ತಕದಂತೆ ಕಪಾಟಿನಲ್ಲಿ ಇಟ್ಟುಕೊಳ್ಳುವವರ ವಸ್ತುವಾಗಿ ನೆಲೆಯೂರಿದೆ. ಕೊಳ್ಳುವಾಗ ಇದು ನೆನಪಿರಲಿ, ಏಕೆಂದರೆ ಇಂದು ಕೊಂಡ ಪ್ಲೇಯರ್ ಕೆಟ್ಟರೆ ಮುಂದೆ ಆಯ್ಕೆ ಇನ್ನೂ ಕಡಿಮೆಯಿರುತ್ತದೆ.

ಯಾವುದರಲ್ಲಿ ಎಷ್ಟು ತುಂಬುತ್ತದೆ

ಡಿವಿಡಿ: ನಮ್ಮ ಪಾಲ್ ಟಿವಿ ಪದ್ಧತಿಯಲ್ಲಿ 720×576 ಚುಕ್ಕಿ, ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 720×480. ಒಂದು ಪದರಕ್ಕೆ 4.7 ಜಿಬಿ, ಎರಡು ಪದರಕ್ಕೆ 8.5 ಜಿಬಿ. ಚಿತ್ರಕ್ಕೆ ಸೆಕೆಂಡಿಗೆ ಗರಿಷ್ಠ 9.8 ಮೆಗಾಬಿಟ್.

ಬ್ಲೂ-ರೇ: 1920×1080. ಡಿಸ್ಕ್ 25 ಅಥವಾ 50 ಜಿಬಿ. ಚಿತ್ರಕ್ಕೆ ಗರಿಷ್ಠ 40 ಮೆಗಾಬಿಟ್. ಶಬ್ದ ಒಂದಿಷ್ಟೂ ಕಳೆದುಕೊಳ್ಳದ ರೂಪದಲ್ಲಿ ಸಿಗುತ್ತದೆ.

4ಕೆ ಡಿಸ್ಕ್: 3840×2160, 10 ಬಿಟ್ ಬಣ್ಣ, ಎಚ್‌ಡಿಆರ್ (ಗಾಢ ಕತ್ತಲಿನಿಂದ ಹೊಳೆಯುವ ಬೆಳಕಿನವರೆಗೆ ಹೆಚ್ಚು ಅಂತರ ತೋರಿಸುವ ಪದ್ಧತಿ). ಹೆಚ್ಚಿನವು 66 ಜಿಬಿ ಅಥವಾ ಮೂರು ಪದರದ 100 ಜಿಬಿ. ಗರಿಷ್ಠ ವೇಗ 128 ಮೆಗಾಬಿಟ್.

ಓಟಿಟಿಯ 4ಕೆ: ಚುಕ್ಕಿಗಳು ಡಿಸ್ಕಿನಷ್ಟೇ, ಆದರೆ ಸಾಮಾನ್ಯವಾಗಿ ಸೆಕೆಂಡಿಗೆ 15 ಮೆಗಾಬಿಟ್ ಆಸುಪಾಸು. ಎರಡು ಗಂಟೆಯ ಚಿತ್ರಕ್ಕೆ 13.5 ಜಿಬಿ ಆಯಿತು. ಅದೇ ಚಿತ್ರ 4ಕೆ ಡಿಸ್ಕಿನಲ್ಲಿ 50–60 ಜಿಬಿ ತೆಗೆದುಕೊಳ್ಳುವುದು ಮಾಮೂಲು.

ಚುಕ್ಕಿ ಅಷ್ಟೇ ಇದ್ದು ಮಾಹಿತಿ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಹೊಡೆತ ಎಲ್ಲಿ ಬೀಳುತ್ತದೆ? ಹಗಲಿನಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಏನೂ ಗೊತ್ತಾಗದು. ಹೊಗೆ, ಮಳೆ, ಹಾರುವ ಧೂಳು, ಕತ್ತಲ ಓಣಿ, ಸಂಜೆಯ ಆಕಾಶ ಬಂದಾಗ ನೋಡಿ. ಕತ್ತಲು ಒಂದೇ ಸಮನೆ ಇಳಿಯುವ ಬದಲು ಮೆಟ್ಟಿಲುಮೆಟ್ಟಿಲಾಗಿ ಒಡೆಯುತ್ತದೆ, ಹೊಗೆಯಲ್ಲಿ ಚೌಕಗಳು ಅಲುಗಾಡುತ್ತವೆ, ರೀಲಿನ ಸಹಜವಾದ ಕಣಕಣ ನೋಟ ಮೇಣ ಬಳಿದಂತೆ ನುಣುಪಾಗುತ್ತದೆ. ಡಿಸ್ಕ್ ಗೆಲ್ಲುವುದು ಇಂಥ ಕಡೆ.

ಮೊದಲು ಅಳತೆಯ ಟೇಪ್ ತೆಗೆಯಿರಿ

ಕಣ್ಣು ಸರಿಯಿರುವ ಮನುಷ್ಯನಿಗೆ ಒಂದು ದೂರ ದಾಟಿದರೆ ಪಕ್ಕಪಕ್ಕದ ಚುಕ್ಕಿಗಳು ಬೇರೆಯಾಗಿ ಕಾಣುವುದಿಲ್ಲ. ಬ್ಲೂ-ರೇಯ 1080 ಸಾಲುಗಳಿಗೆ ಆ ದೂರ ತಿಳಿಯಲು ಟಿವಿಯ ಇಂಚನ್ನು 0.13ರಿಂದ ಗುಣಿಸಿ, ಉತ್ತರ ಅಡಿಯಲ್ಲಿ ಬರುತ್ತದೆ. 43 ಇಂಚಿಗೆ ಸುಮಾರು 5.6 ಅಡಿ, 55ಕ್ಕೆ 7.1, 65ಕ್ಕೆ 8.4, 75ಕ್ಕೆ 9.7. ಇದಕ್ಕಿಂತ ದೂರ ಕೂತರೆ ಬ್ಲೂ-ರೇಗೂ 4ಕೆಗೂ ಚುಕ್ಕಿಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣದು. 4ಕೆಯ ಪೂರ್ತಿ ವಿವರ ಸಿಗಬೇಕಾದರೆ ಈ ದೂರದ ಅರ್ಧಕ್ಕೆ ಬರಬೇಕು. 55 ಇಂಚಿಗೆ ಅದು ಮೂರೂವರೆ ಅಡಿ, ಯಾರೂ ಹಾಗೆ ಕೂರುವುದಿಲ್ಲ.

ನಮ್ಮ ಕಡೆಯ ಹಾಲ್‌ಗಳಲ್ಲಿ ಟಿವಿ ಒಂದು ಗೋಡೆಗೆ, ಸೋಫಾ ಎದುರು ಗೋಡೆಗೆ. ನಡುವೆ ಹತ್ತು ಹನ್ನೆರಡು ಅಡಿ ಸಾಮಾನ್ಯ. ಹತ್ತು ಅಡಿಯಿಂದ 55 ಇಂಚು ನೋಡುವವರಿಗೆ ಡಿವಿಡಿಯಿಂದ ಬ್ಲೂ-ರೇಗೆ ಹೋದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ಪಾಲ್ ಡಿವಿಡಿಯ ಮಿತಿ ಆ ಟಿವಿಗೆ 13 ಅಡಿಯ ಆಚೆಗಿದೆ. ಬ್ಲೂ-ರೇಯಿಂದ 4ಕೆಗೆ ಹೋದಾಗ ಚುಕ್ಕಿಯಿಂದ ಸಿಗುವ ಲಾಭ ಬಹುಮಟ್ಟಿಗೆ ಇಲ್ಲ. ಹಾಗಾಗಿ 4ಕೆ ಡಿಸ್ಕಿಗೆ ಕೊಟ್ಟ ದುಡ್ಡು ಬಣ್ಣ, ಬೆಳಕು, ಶಬ್ದದಲ್ಲಿ ವಾಪಸಾಗಬೇಕು. ಸೋಫಾವನ್ನು ಮೂರು ಅಡಿ ಮುಂದೆ ಎಳೆಯುವುದಕ್ಕೆ ಖರ್ಚಿಲ್ಲ. ಪ್ಲೇಯರ್ ಕೊಳ್ಳುವ ಮೊದಲು ಅದನ್ನೊಮ್ಮೆ ಮಾಡಿ ನೋಡಿ.

ಎಚ್‌ಡಿಆರ್ ಹಾಕಿದರೆ ಚಿತ್ರ ಕಪ್ಪಾಗುತ್ತದೆ, ಏಕೆ?

4ಕೆ ಡಿಸ್ಕ್ ತಂದವರಿಂದ ಹೆಚ್ಚು ಕೇಳಿಬರುವ ದೂರು ಇದೇ. ಹಳೆಯ ಪದ್ಧತಿಯ ಚಿತ್ರವನ್ನು 100 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕಿನ ಪರದೆ ಎಂದುಕೊಂಡು ಹದಗೊಳಿಸುತ್ತಿದ್ದರು. ಎಚ್‌ಡಿಆರ್ ಚಿತ್ರವನ್ನು 1,000, ಕೆಲವನ್ನು 4,000 ನಿಟ್ಸ್‌ಗೆ ಹದಗೊಳಿಸುತ್ತಾರೆ. ಅಗ್ಗದ 4ಕೆ ಟಿವಿ 250–300 ನಿಟ್ಸ್ ದಾಟುವುದೇ ಕಷ್ಟ. ದೀಪದ ಹೊಳಪನ್ನೂ ಬಿಸಿಲನ್ನೂ ಆ ಸಣ್ಣ ಮಿತಿಯೊಳಗೆ ಹಿಡಿಸಲು ಹೋಗಿ ಟಿವಿ ಇಡೀ ಚಿತ್ರವನ್ನೇ ತಗ್ಗಿಸುತ್ತದೆ. ಹಗಲಲ್ಲಿ ಕಿಟಕಿ ತೆರೆದಿದ್ದರಂತೂ ಮುಖಗಳೇ ಕಾಣವು. ಡಬ್ಬಿಯ ಮೇಲೆ ಎಚ್‌ಡಿಆರ್ ಎಂದು ಅಚ್ಚಾಗಿದ್ದರೆ ಆ ಸಂಕೇತ ಟಿವಿಗೆ ಅರ್ಥವಾಗುತ್ತದೆ ಎಂದಷ್ಟೇ ತಿಳಿಯಬೇಕು. ಓಎಲ್‌ಇಡಿ ಅಥವಾ ಪರದೆಯ ಹಿಂದೆ ಬೆಳಕನ್ನು ಭಾಗಭಾಗವಾಗಿ ಏರಿಸಿ ಇಳಿಸಬಲ್ಲ ಎಲ್‌ಇಡಿ ಟಿವಿ ಇದ್ದರೆ 4ಕೆ ಡಿಸ್ಕ್ ತನ್ನ ಬೆಲೆ ತೋರಿಸುತ್ತದೆ. ಇಲ್ಲದಿದ್ದರೆ ಪ್ಲೇಯರಿನ ದುಡ್ಡನ್ನು ಮುಂದಿನ ಟಿವಿಗೆ ಸೇರಿಸುವುದು ಮೇಲು.

ಎಚ್‌ಡಿಆರ್‌ನ ಮೂಲ ಬಗೆಯಾದ ಎಚ್‌ಡಿಆರ್10 ಎಲ್ಲ ಎಚ್‌ಡಿಆರ್ ಡಿಸ್ಕಿನಲ್ಲೂ ಇರುತ್ತದೆ. ದೃಶ್ಯದಿಂದ ದೃಶ್ಯಕ್ಕೆ ಹೊಳಪು ಹೊಂದಿಸುವ ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಹೆಚ್ಚುವರಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಡಾಲ್ಬಿ ವಿಷನ್ ಬರುವುದಿಲ್ಲ. 4ಕೆ ಡಿಸ್ಕ್ ಓಡಿಸಬಲ್ಲ ಗೇಮ್ ಕನ್ಸೋಲುಗಳಲ್ಲಿ ಪ್ಲೇಸ್ಟೇಷನ್ 5ರಲ್ಲೂ ಇಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಡಿಸ್ಕಿನ ಡಾಲ್ಬಿ ವಿಷನ್ ಕೊಡದು. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಳ್ಳೆಯ ಟಿವಿಯಲ್ಲಿ ಎಚ್‌ಡಿಆರ್10 ಸಾಕಷ್ಟು ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು ವಿಷಯವನ್ನು ಡಿಸ್ಕಿನ ಹೊದಿಕೆ ಹೇಳುವುದಿಲ್ಲ. 2000ದಿಂದ ಈಚೆಗಿನ ಎಷ್ಟೋ ಚಿತ್ರಗಳ ಅಂತಿಮ ಪ್ರತಿ ತಯಾರಾದದ್ದು 2ಕೆಯಲ್ಲಿ, ಅಂದರೆ ಹೆಚ್ಚುಕಡಿಮೆ ಬ್ಲೂ-ರೇಯಷ್ಟೇ ಚುಕ್ಕಿಗಳಲ್ಲಿ. ಅವುಗಳ 4ಕೆ ಡಿಸ್ಕಿನಲ್ಲಿರುವುದು ಹಿಗ್ಗಿಸಿದ ಚಿತ್ರ, ಲಾಭ ಎಚ್‌ಡಿಆರ್‌ನಿಂದ ಮಾತ್ರ. ಅದಕ್ಕಿಂತ ಹಳೆಯ, 35 ಎಂಎಂ ರೀಲಿನಲ್ಲಿ ತೆಗೆದ ಚಿತ್ರದ ಮೂಲ ನೆಗೆಟಿವ್ ಹೊಸದಾಗಿ ಸ್ಕ್ಯಾನ್ ಆಗಿದ್ದರೆ ನಿಜವಾದ 4ಕೆ ವಿವರ ಸಿಗುತ್ತದೆ. ನಮ್ಮ ‘ಘಟಶ್ರಾದ್ಧ’ (1977) 4ಕೆಯಲ್ಲಿ ಮರುಜೀವ ಪಡೆದು 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತಲ್ಲ, ಅಂಥ ಕೆಲಸ ಸಾಧ್ಯವಾಗುವುದು ರೀಲಿನಲ್ಲೇ ಅಷ್ಟು ವಿವರ ಇರುವುದರಿಂದ. ಆದ್ದರಿಂದ 4ಕೆ ಡಿಸ್ಕ್ ಆಯುವಾಗ ನಿನ್ನೆಮೊನ್ನೆಯ ಚಿತ್ರಕ್ಕಿಂತ ಹೊಸದಾಗಿ ಸ್ಕ್ಯಾನ್ ಆದ ಹಳೆಯ ಚಿತ್ರಕ್ಕೆ ಕೈಹಾಕಿ.

ಶಬ್ದ

ಟಿವಿಯ ಸ್ಪೀಕರಿನಲ್ಲೇ ಕೇಳುವವರಿಗೆ ಡಿಸ್ಕಿನ ಶಬ್ದದಿಂದ ಲಾಭವಿಲ್ಲ. ಎವಿ ರಿಸೀವರ್ (ಶಬ್ದವನ್ನು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಮತ್ತು ಐದು ಸ್ಪೀಕರ್ ಇರುವವರಿಗೆ ಚಿತ್ರಕ್ಕಿಂತ ಮೊದಲು ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ. ನೆಟ್‌ಫ್ಲಿಕ್ಸಿನ ಅಟ್ಮಾಸ್ (ಸುತ್ತಲಿಂದಲೂ ಮೇಲಿನಿಂದಲೂ ಕೇಳಿಸುವ) ಶಬ್ದ ಸೆಕೆಂಡಿಗೆ ಹೆಚ್ಚೆಂದರೆ 768 ಕಿಲೋಬಿಟ್. ಡಿಸ್ಕಿನಲ್ಲಿರುವ, ಏನೂ ಕಳೆದುಕೊಳ್ಳದ ಟ್ರೂಎಚ್‌ಡಿ ಶಬ್ದ ಹಲವು ಮೆಗಾಬಿಟ್. ಸೌಂಡ್‌ಬಾರ್ ಬಳಸುವವರು ಅದರಲ್ಲೂ ಟಿವಿಯಲ್ಲೂ ಇ-ಆರ್ಕ್ (ಟಿವಿಯಿಂದ ಸೌಂಡ್‌ಬಾರಿಗೆ ಶಬ್ದ ಕಳಿಸುವ ಎಚ್‌ಡಿಎಂಐ ದಾರಿಯ ಹೊಸ ರೂಪ) ಇದೆಯೇ ನೋಡಿ. ಬರೀ ಆರ್ಕ್ ಆದರೆ ಟ್ರೂಎಚ್‌ಡಿ ದಾಟದು, ಕುಗ್ಗಿಸಿದ ಶಬ್ದವೇ ಹೋಗುತ್ತದೆ.

ನಿಮ್ಮ ಚಿತ್ರಗಳು ಡಿಸ್ಕಿನಲ್ಲಿ ಇವೆಯೇ

ಒಂದು ಹಾಳೆಯಲ್ಲಿ ಕಳೆದ ಮೂರು ವರ್ಷದಲ್ಲಿ ಎರಡು ಸಲಕ್ಕಿಂತ ಹೆಚ್ಚು ನೋಡಿದ ಚಿತ್ರಗಳನ್ನು ಬರೆಯಿರಿ. ಪಟ್ಟಿಯ ತುಂಬ ಕನ್ನಡ ಚಿತ್ರಗಳೇ ಇದ್ದರೆ ವಿಚಾರ ಇಲ್ಲಿಗೇ ಮುಗಿಯಿತು. ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ಬಂದದ್ದೇ ಬೆರಳೆಣಿಕೆಯಷ್ಟು. 4ಕೆ ಡಿಸ್ಕಿನ ಲೋಕ ಮುಖ್ಯವಾಗಿ ಹಾಲಿವುಡ್ಡಿನದು, ಅದರ ಜೊತೆಗೆ ಜಗತ್ತಿನ ಆಯ್ದ ಹಳೆಯ ಚಿತ್ರಗಳದು. ಕನ್ನಡದ ಹೊಸ ಚಿತ್ರಗಳಿಗೆ ಓಟಿಟಿ, ಹಳೆಯವಕ್ಕೆ ಹಕ್ಕುದಾರರು ಯೂಟ್ಯೂಬಿಗೆ ಹಾಕಿದ ಪ್ರತಿಗಳು, ಅಷ್ಟೂ ಇಲ್ಲದ ಕಡೆ ನಿಮ್ಮ ಶೋಕೇಸಿನ ಡಿವಿಡಿ, ವಿಸಿಡಿ.

ಆ ಡಿವಿಡಿಗಳನ್ನು ರದ್ದಿಗೆ ಹಾಕಬೇಡಿ ಎಂದು ಒತ್ತಿ ಹೇಳುತ್ತೇವೆ. ಓಟಿಟಿಯಲ್ಲಿ ಹಕ್ಕಿನ ಅವಧಿ ಮುಗಿದರೆ ಚಿತ್ರ ರಾತ್ರೋರಾತ್ರಿ ಮಾಯವಾಗುತ್ತದೆ. ಯೂಟ್ಯೂಬಿನ ಪ್ರತಿಯಲ್ಲಿ ಹಾಡು ಕತ್ತರಿಸಿರಬಹುದು, ಅಗಲದ ಚಿತ್ರವನ್ನು ಎರಡೂ ಬದಿ ಕೊಯ್ದಿರಬಹುದು. ಹಳೆಯ ಭಾರತೀಯ ಡಿವಿಡಿ ಹೊಸ ಟಿವಿಯಲ್ಲಿ ನಾಲ್ಕೂ ಕಡೆ ಕಪ್ಪು ಅಂಚಿನ ನಡುವೆ ಪುಟ್ಟದಾಗಿ ಕಂಡರೆ ಡಿಸ್ಕ್ ಕೆಟ್ಟಿಲ್ಲ. ಅಗಲದ ಚಿತ್ರವನ್ನು 4:3 ಚೌಕಟ್ಟಿನೊಳಗೆ ಕೂರಿಸಿ ಅಚ್ಚು ಹಾಕಿದ ಡಿಸ್ಕ್ ಅದು. ರಿಮೋಟಿನ ‘ಝೂಮ್’ ಒತ್ತಿದರೆ ಚಿತ್ರ ಪರದೆಯ ಅಗಲ ತುಂಬುತ್ತದೆ. ಆದರೆ ‘ಸ್ಟ್ರೆಚ್’ ಮಾತ್ರ ಬೇಡ, ಮುಖಗಳು ಅಡ್ಡಡ್ಡ ಎಳೆದಂತಾಗುತ್ತವೆ.

ಅಮೆರಿಕದಲ್ಲಿ ಓದಲು ಅಥವಾ ಕೆಲಸಕ್ಕೆ ಹೋದ ಕನ್ನಡಿಗರಿಗೆ ಡಿಸ್ಕ್ ಸುಲಭವಾಗಿ ಸಿಗುತ್ತದೆ. ಹೊಸ ಚಿತ್ರದ 4ಕೆ ಡಿಸ್ಕ್ ಸುಮಾರು 25–35 ಡಾಲರ್, ಕೆಲವು ತಿಂಗಳು ಕಾದರೆ ರಿಯಾಯಿತಿಯಲ್ಲಿ ಅದರ ಅರ್ಧಕ್ಕೆ. ಊರಿಗೆ ಮರಳುವಾಗ ತರುವುದಾದರೆ ಮೂರು ಸಂಗತಿ ಗಮನಿಸಿ. 4ಕೆ ಡಿಸ್ಕಿಗೆ ವಲಯದ ಬೀಗವಿಲ್ಲ, ಎಲ್ಲಿಯದಾದರೂ ಎಲ್ಲಿಯೂ ಓಡುತ್ತದೆ. ಅದೇ ಡಬ್ಬಿಯಲ್ಲಿ ಬರುವ ಬ್ಲೂ-ರೇಗೆ ಬೀಗ ಇರಬಹುದು: ಅಮೆರಿಕ ಎ ವಲಯ, ಯುರೋಪ್ ಬಿ, ಭಾರತ ಸಿ. ಡಿವಿಡಿಯಲ್ಲಿ ಅಮೆರಿಕ 1, ಭಾರತ 5. ಎರಡನೆಯದು, ಪ್ಲೇಯರಿನ ಹಿಂದಿನ ಚೀಟಿಯಲ್ಲಿ ‘100–240 ವೋಲ್ಟ್’ ಎಂದಿದೆಯೇ ನೋಡಿ. ‘120 ವೋಲ್ಟ್’ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಿದ ಕ್ಷಣವೇ ಸುಟ್ಟುಹೋಗಬಹುದು. ಮೂರನೆಯದು, ಅದೇ ಚಿತ್ರವನ್ನು ಆನ್‌ಲೈನಿನಲ್ಲೂ ನೋಡಲು ಕೊಡುವ ಡಬ್ಬಿಯೊಳಗಿನ ಡಿಜಿಟಲ್ ಕೋಡನ್ನು ಅಮೆರಿಕದಲ್ಲಿ ಇರುವಾಗಲೇ ಬಳಸಿಬಿಡಿ, ಭಾರತದಿಂದ ಅದು ನಡೆಯದೇ ಹೋಗಬಹುದು.

ಡಿಜಿಟಲ್ ಅಂಗಡಿಯಲ್ಲಿ ‘ಕೊಂಡ’ ಚಿತ್ರದ ಬಗ್ಗೆಯೂ ಒಂದು ಮಾತು. ನಿಮಗೆ ಸಿಗುವುದು ನೋಡುವ ಪರವಾನಗಿ, ಚಿತ್ರದ ಪ್ರತಿ ಅಲ್ಲ. ಪರವಾನಗಿಯನ್ನು ಹಿಂತೆಗೆದುಕೊಳ್ಳಬಹುದಾದ ಕಡೆ, ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಪದ ಬಳಸಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ.

ಓಟಿಟಿಯನ್ನೇ ಸರಿಪಡಿಸಿಕೊಂಡರೆ

ಬಹಳ ಮನೆಗಳಲ್ಲಿ 4ಕೆ ಪ್ಲಾನಿಗೆ ದುಡ್ಡು ಕಟ್ಟಿ 480 ಅಥವಾ 720 ಸಾಲಿನ ಚಿತ್ರ ನೋಡುತ್ತಿರುತ್ತಾರೆ. ಡಿಸ್ಕಿಗೆ ಹೋಗುವ ಮೊದಲು ಇದನ್ನು ಸರಿಮಾಡಿ. ರೂಟರ್ ಮಲಗುವ ಕೋಣೆಯಲ್ಲಿದ್ದು ಟಿವಿ ಎರಡು ಗೋಡೆ ಆಚೆ 2.4 ಗಿಗಾಹರ್ಟ್ಸ್ ವೈ-ಫೈ ಹಿಡಿದಿದ್ದರೆ ಪಕ್ಕದ ಮನೆಗಳ ವೈ-ಫೈ ಜೊತೆ ಗುದ್ದಾಡಿ ಸಂಜೆ ಹೊತ್ತು ಚಿತ್ರ ಮಸುಕಾಗುತ್ತದೆ. ಲ್ಯಾನ್ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಒಳ್ಳೆಯದು. ಟಿವಿಯ ಲ್ಯಾನ್ ಕಿಂಡಿ 100 ಮೆಗಾಬಿಟ್‌ನದಾದರೂ 15 ಮೆಗಾಬಿಟ್‌ನ ಚಿತ್ರಕ್ಕೆ ಅದು ಬೇಕಾದಷ್ಟಾಯಿತು. ಕೇಬಲ್ ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಚಿತ್ರ ನಕಲಾಗದಂತೆ ಕಾಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಮಟ್ಟದ ಬದಲು ಎಲ್3 ಇದ್ದರೆ ನೆಟ್ಟು ಎಷ್ಟೇ ವೇಗವಿದ್ದರೂ 480ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಆಗ ಪೆಟ್ಟಿಗೆಯನ್ನೇ ಬದಲಿಸಬೇಕು. ಇಷ್ಟು ಮಾಡಿದ ಮೇಲೆ 55 ಇಂಚಿನ ಟಿವಿಯಲ್ಲಿ ಹತ್ತು ಅಡಿಯಿಂದ ನೋಡುವವರಿಗೆ ಓಟಿಟಿಯ 4ಕೆ ಸಾಕೆನಿಸುತ್ತದೆ. ಹೊಸ ಚಿತ್ರ ಒಮ್ಮೆ ನೋಡಿ ಮುಗಿಸುವ ಮನೆಗೆ ನಮ್ಮ ಸಲಹೆ ಇದೇ.

ಕೊಂಡೇ ತರುವುದಾದರೆ

ಭಾರತದ ಅಂಗಡಿಗಳಲ್ಲಿ 4ಕೆ ಪ್ಲೇಯರ್ ಸಿಗುವುದು ಅಪರೂಪ. ಸುಲಭದ ದಾರಿ ಗೇಮ್ ಕನ್ಸೋಲ್: ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಡ್ರೈವ್ ಇರುವ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್. ಡಿಜಿಟಲ್ ಆವೃತ್ತಿಯಲ್ಲಿ, ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಪ್ಲೇಸ್ಟೇಷನ್ 4 ಪ್ರೊ 4ಕೆ ಎಂದು ಹೇಳಿಕೊಂಡರೂ 4ಕೆ ಡಿಸ್ಕ್ ಓದದು. ಮಕ್ಕಳಿಗೆ ಕನ್ಸೋಲ್ ತರುವ ಯೋಚನೆ ಹೇಗೂ ಇದ್ದರೆ ಡ್ರೈವ್ ಇರುವುದನ್ನೇ ತನ್ನಿ, ಪ್ಲೇಯರಿನ ಖರ್ಚು ಅಲ್ಲೇ ತೀರಿತು. ಕಂಪ್ಯೂಟರಿನ ಆಸೆ ಬಿಡಿ. ಅಧಿಕೃತವಾಗಿ 4ಕೆ ಡಿಸ್ಕ್ ಓಡಿಸಲು ಬೇಕಾದ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯವನ್ನು ಇಂಟೆಲ್ ತನ್ನ 11ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪಿನಿಂದ ತೆಗೆದುಹಾಕಿದೆ.

ಬಿಡಿ ಪ್ಲೇಯರ್ ಆದರೆ ಸೋನಿಯ ಎಕ್ಸ್700, ಎಕ್ಸ್800ಎಂ2, ಪ್ಯಾನಸೋನಿಕ್ಕಿನ ಯುಬಿ820. ಬೆಳಕು ಕಡಿಮೆಯಿರುವ ಟಿವಿಗೆ ಪ್ಯಾನಸೋನಿಕ್ ಹೆಚ್ಚು ಹೊಂದುತ್ತದೆ. ಅದರ ‘ಎಚ್‌ಡಿಆರ್ ಆಪ್ಟಿಮೈಜರ್’ ಟಿವಿಯ ಮಿತಿಗೆ ತಕ್ಕಂತೆ ಹೊಳಪನ್ನು ಮೊದಲೇ ಹದಮಾಡಿ ಕಳಿಸುತ್ತದೆ. ಸೋನಿಯಲ್ಲಿ ಡಾಲ್ಬಿ ವಿಷನ್ ಅನ್ನು ಪ್ರತಿ ಡಿಸ್ಕಿಗೂ ಕೈಯಾರೆ ಹಾಕಿ ತೆಗೆಯಬೇಕು. ಹಾಕಿದಂತೆಯೇ ಬಿಟ್ಟರೆ ಬರೀ ಎಚ್‌ಡಿಆರ್10 ಇರುವ ಡಿಸ್ಕನ್ನೂ ಡಾಲ್ಬಿ ವಿಷನ್ ಆಗಿ ಕಳಿಸಿ ಬಣ್ಣ ಕೆಡಿಸುತ್ತದೆ.

ಜೋಡಿಸುವಾಗ ಮೊದಲ ಕೆಲಸ ಟಿವಿಯ ಸೆಟ್ಟಿಂಗಿನಲ್ಲಿದೆ. ಆ ಎಚ್‌ಡಿಎಂಐ ಕಿಂಡಿಯನ್ನು ಪೂರ್ಣ ವೇಗಕ್ಕೆ ತೆರೆಯಬೇಕು. ಸೋನಿಯಲ್ಲಿ ಅದರ ಹೆಸರು ‘ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಅಲ್ಟ್ರಾ ಎಚ್‌ಡಿ ಡೀಪ್ ಕಲರ್’. ಇದನ್ನು ಮರೆತರೆ ಡಿಸ್ಕ್ ಓಡುತ್ತದೆ, ಎಚ್‌ಡಿಆರ್ ಬರುವುದಿಲ್ಲ, ಎಷ್ಟೋ ಮಂದಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಕೇಬಲ್ ಎರಡು ಮೀಟರ್ ಒಳಗಿರಲಿ, ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಗುರುತಿರಲಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತರುವಾಗ ಅಂಗಡಿಯವರು ಹೇಳುವ ಚಿನ್ನದ ಲೇಪಕ್ಕಿಂತ ಆ ಗುರುತು ಮುಖ್ಯ. ಚಿತ್ರದಲ್ಲಿ ಮಿಣಮಿಣ ಬಿಳಿ ಚುಕ್ಕಿ ಬಂದರೆ, ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮರಳಿದರೆ ಮೊದಲ ಅನುಮಾನ ಕೇಬಲ್ ಮೇಲೆ. ಹಳೆಯ ಎವಿ ರಿಸೀವರ್ ನಡುವೆ ಇದ್ದು ಅದಕ್ಕೆ ಎಚ್‌ಡಿಸಿಪಿ 2.2 ಎಂಬ ನಕಲು ತಡೆ ತಿಳಿಯದಿದ್ದರೆ 4ಕೆ ದಾಟದು. ಮೇಲೆ ಹೇಳಿದ ಮೂರೂ ಪ್ಲೇಯರಿಗೆ ಎರಡು ಎಚ್‌ಡಿಎಂಐ ಹೊರದಾರಿ ಇರುವುದು ಇದಕ್ಕೇ: ಒಂದನ್ನು ನೇರ ಟಿವಿಗೆ, ಇನ್ನೊಂದನ್ನು ಶಬ್ದಕ್ಕೆಂದು ರಿಸೀವರಿಗೆ.

ಪ್ಲೇಯರಿನಲ್ಲಿ ‘24ಪಿ’ (ಸಿನಿಮಾದ ಸೆಕೆಂಡಿಗೆ 24 ಫ್ರೇಮ್) ಹಾಕಿ. ‘ಸೆಕೆಂಡರಿ ಆಡಿಯೊ’ ತೆಗೆಯಿರಿ, ಅದು ಇದ್ದರೆ ಅಟ್ಮಾಸ್ ರಿಸೀವರಿಗೆ ತಲುಪುವುದಿಲ್ಲ. ಟಿವಿಯಲ್ಲಿ ಚಲನೆಯನ್ನು ನುಣುಪುಗೊಳಿಸುವ ಸೌಲಭ್ಯ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ.

ಡಿಸ್ಕ್ ನಡುವೆ ನಿಂತರೆ

100 ಜಿಬಿ ಡಿಸ್ಕುಗಳು ತುಸು ನಾಜೂಕು. ಒಂದೇ ನಿಮಿಷದಲ್ಲಿ, ಒಂದೇ ದೃಶ್ಯದಲ್ಲಿ ಪ್ರತಿ ಸಲ ನಿಂತರೆ ದೋಷ ಡಿಸ್ಕಿನದು. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತರೆ ಪ್ಲೇಯರಿನದು. ಪ್ಲೇಯರನ್ನು ಗೋಡೆಯ ಪ್ಲಗ್ಗಿನಿಂದಲೇ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ, ಫರ್ಮ್‌ವೇರ್ ಹೊಸದು ಮಾಡಿ, ಗಾಳಿಯಾಡುವ ಕಡೆ ಇಡಿ. ಡಿಸ್ಕನ್ನು ಬೆಳಕಿಗೆ ವಾರೆಯಾಗಿ ಹಿಡಿದು ನೋಡಿ. ಹೊಚ್ಚಹೊಸ ಡಿಸ್ಕಿನ ಮೇಲೂ ಕಾರ್ಖಾನೆಯ ಎಣ್ಣೆಯಂಥ ಮಸುಕು ಇರುವುದುಂಟು. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಿರಿ. ಸುತ್ತುಸುತ್ತಾಗಿ ಒರೆಸಿದರೆ ಗೆರೆ ಬಿದ್ದಾಗ ಅದು ದತ್ತಾಂಶದ ಜಾಡಿನ ಉದ್ದಕ್ಕೂ ಬೀಳುತ್ತದೆ, ಪ್ಲೇಯರಿಗೆ ತುಂಬಿಕೊಳ್ಳಲು ಆಗುವುದಿಲ್ಲ.

ಡಿವಿಡಿಯಲ್ಲಿ ದತ್ತಾಂಶ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿರುತ್ತದೆ. ಗೆರೆ ಬಿದ್ದರೆ ಪಾಲಿಷ್ ಮಾಡಿ ತೆಗೆಯಲು ಜಾಗವಿದೆ. ಬ್ಲೂ-ರೇ, 4ಕೆ ಡಿಸ್ಕಿನಲ್ಲಿ ಅದು 0.1 ಮಿಲಿಮೀಟರಿನಷ್ಟೇ ಕೆಳಗೆ. ಅದಕ್ಕೆಂದೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಡಿವಿಡಿಗೆ ಹಾಕುವ ಪಾಲಿಷ್ ಯಂತ್ರಕ್ಕೆ ಕೊಟ್ಟರೆ ಆ ಲೇಪವೇ ಹೋಗಿ ಡಿಸ್ಕ್ ಹಾಳಾಗುತ್ತದೆ.

ಎಲ್ಲಕ್ಕಿಂತ ಮೊದಲು ಬದಲಿಸಬೇಕಾದದ್ದು

ಸಿನಿಮಾದ ನೆಗೆಟಿವನ್ನೋ ಪ್ರತಿಯನ್ನೋ ಯಾರೋ ಎಲ್ಲೋ ಇಟ್ಟಿರುವ ಭರವಸೆಯಾದರೂ ಇದೆ. 1990ರ ದಶಕದ ನಿಮ್ಮ ಮನೆಯ ಮದುವೆ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇಲ್ಲ. ಹೊಸ ಪ್ಲೇಯರಿಗೆ ದುಡ್ಡು ತೆಗೆದಿಟ್ಟವರು ಮೊದಲು ಇದಕ್ಕೆ ಖರ್ಚು ಮಾಡಿ. ಪ್ರಮುಖ ವಿಸಿಆರ್ ತಯಾರಕರಲ್ಲಿ ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ಯಂತ್ರಗಳೇ.

ಮಲೆನಾಡು, ಕರಾವಳಿಯ ಮನೆಗಳಲ್ಲಿದ್ದ ಕ್ಯಾಸೆಟ್ಟಾದರೆ ಮೊದಲು ಪಾರದರ್ಶಕ ಕಿಂಡಿಯಿಂದ ಸುರುಳಿ ನೋಡಿ. ಬಿಳಿ ಪುಡಿ ಅಥವಾ ಮಚ್ಚೆ ಕಂಡರೆ ಬೂಷ್ಟು ಹಿಡಿದಿದೆ. ಹಾಗೆಯೇ ವಿಸಿಆರ್‌ಗೆ ಹಾಕಿದರೆ ಹೆಡ್ ಕೊಳೆಯಾಗುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಶುಚಿ ಮಾಡಬಲ್ಲವರ ಕೈಗೇ ಕೊಡಿ. ಚೆನ್ನಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಕೊನೆವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ತಂದು ಟೇಪ್ ಸಡಿಲಿಸಿ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ತಂತಿಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಕೊಟ್ಟು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಸಾಫ್ಟ್‌ವೇರಿನಲ್ಲಿ ಪಾಲ್, 720×576, ಸೆಕೆಂಡಿಗೆ 25 ಫ್ರೇಮ್ ಆರಿಸಿ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳಿದರೆ ಸಾಫ್ಟ್‌ವೇರ್ ಎನ್‌ಟಿಎಸ್‌ಸಿಯಲ್ಲಿದೆ ಎಂದು ತಿಳಿಯಿರಿ. 8 ಮೆಗಾಬಿಟ್ ವೇಗದಲ್ಲಿ ಇಳಿಸಿದರೆ ಗಂಟೆಗೆ 3.6 ಜಿಬಿ, ಮೂರು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 11 ಜಿಬಿ.

2000ದ ನಂತರದ ಮದುವೆ ಡಿವಿಡಿಗಳು ಇನ್ನೂ ಮೋಸ. ಅಂಗಡಿಯ ಸಿನಿಮಾ ಡಿಸ್ಕನ್ನು ಅಚ್ಚೊತ್ತಿ ಮಾಡುತ್ತಾರೆ. ಸ್ಟುಡಿಯೋದವರು ಕೊಟ್ಟದ್ದು, ತಳ ನೇರಳೆಯಾಗಿ ಹೊಳೆಯುವಂಥದ್ದು, ಬಣ್ಣದ ಪದರದ ಮೇಲೆ ಸುಟ್ಟು ಬರೆದದ್ದು. ಆ ಬಣ್ಣ ಬಿಸಿಲಿಗೂ ಸೆಕೆಗೂ ಕೆಡುತ್ತದೆ. ಸಾಮಾನ್ಯವಾಗಿ ಹೊರ ಅಂಚು ಮೊದಲು ಹೋಗುತ್ತದೆ, ಅಂದರೆ ವಿಡಿಯೋದ ಕೊನೆಯ ಭಾಗ. ಕಂಪ್ಯೂಟರಿಗೆ ಹಾಕಿ ‘ವಿಡಿಯೋ_ಟಿಎಸ್’ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ನಡುವೆ ಕುಗ್ಗಿಸಲು ಹೋಗಬೇಡಿ. ನಕಲು ಒಂದು ಕಡೆ ಸಿಕ್ಕಿಕೊಂಡರೆ ಡಿಸ್ಕ್ ಒರೆಸಿ ಬೇರೆ ಕಂಪ್ಯೂಟರಿನ ಡ್ರೈವಿನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದು ಎಷ್ಟೋ ಸಲ ಉಂಟು.

ಇಳಿಸಿದ ಫೈಲನ್ನು ಎರಡು ಹಾರ್ಡ್ ಡಿಸ್ಕಿನಲ್ಲಿಡಿ, ಒಂದು ನಿಮ್ಮಲ್ಲಿ, ಇನ್ನೊಂದು ಅಣ್ಣನ ಅಥವಾ ತಂಗಿಯ ಮನೆಯಲ್ಲಿ. ವರ್ಷಕ್ಕೊಮ್ಮೆ ಹಾಕಿ ಓಡಿಸಿ ನೋಡಿ. ಫೈಲಿನ ಹೆಸರಿನಲ್ಲಿ ತಾರೀಖು, ಛತ್ರ, ವಧೂವರರ ಹೆಸರು ಬರೆಯಿರಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಪೂರ್ತಿ ನೋಡಿ, ಧಾರೆಯ ಹೊತ್ತಿಗೆ ಹಿಂದೆ ನಿಂತವರು ಯಾರ್ಯಾರು ಎಂದು ಕೇಳಿ, ಎಷ್ಟನೇ ನಿಮಿಷ ಎಂಬುದರ ಜೊತೆಗೆ ಒಂದು ಹಾಳೆಯಲ್ಲಿ ಬರೆದು ಅದರ ಫೋಟೋವನ್ನೂ ಅದೇ ಫೋಲ್ಡರಿಗೆ ಹಾಕಿ.